ಗೇಟು ಹಗುರಾಯಿತು, ಆಮೇಲೆ ನಿಲ್ಲಲೇ ಇಲ್ಲ

ಮನೆಯ ಸ್ಲೈಡಿಂಗ್ ಗೇಟಿನ ಕೆಲಸ ಅಂತೂ ಮುಗಿಯಿತು. ಬೇರಿಂಗ್ ಬದಲಿಸಿದರೆ ಆಯ್ತು, ಒಂದು ಭಾನುವಾರದ ಕೆಲಸ ಅಂತ ಶುರು ಮಾಡಿದ್ದು ಕೊನೆಗೆ ಕಾಂಕ್ರೀಟ್ ಒಡೆಯುವವರೆಗೆ ಹೋಯಿತು. ಇಂಥದ್ದೇ ಗೇಟ್ ಇರುವವರಿಗೆ ಉಪಯೋಗಕ್ಕೆ ಬರಲಿ ಅಂತ ಅಳತೆ, ಖರ್ಚು, ಕೈಕೊಟ್ಟ ಉಪಾಯಗಳು ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಬೇರಿಂಗ್ ಮುಟ್ಟುವ ಮೊದಲು ಎರಡನೇ ಭಾಗವನ್ನಾದರೂ ನೋಡಿ.

1. ಗೇಟಿನ ಜಾತಕ

ಮನೆ ಇರುವುದು ಶಿವಮೊಗ್ಗದಲ್ಲಿ. ಮಳೆಗಾಲ ಜೋರು, ಕಬ್ಬಿಣಕ್ಕೆ ತುಕ್ಕು ಗ್ಯಾರಂಟಿ. ಗೇಟಿನ ಉದ್ದ 15 ಅಡಿ, ಎತ್ತರ 5 ಅಡಿ. 40-40ರ ಚೌಕ ಪೈಪಿನ ಫ್ರೇಮು, ಅದರ ಮೇಲೆ 16 ಗೇಜಿನ ಶೀಟು. ನಮ್ಮ ಕಡೆ ಗೇಟ್ ಮಾಡುವವರು ಕೆಜಿ ಲೆಕ್ಕದಲ್ಲಿ ದುಡ್ಡು ತಗೊಳ್ಳುತ್ತಾರೆ, ಹಾಗಾಗಿ ಹಳೇ ಬಿಲ್ಲಿನಲ್ಲಿ ತೂಕ ಸಿಕ್ಕಿತು: 162 ಕೆಜಿ. ಈ ಅಂಕಿ ಆಮೇಲೆ ತುಂಬಾ ಕೆಲಸಕ್ಕೆ ಬಂತು. ನಿಮ್ಮ ಗೇಟಿನ ಬಿಲ್ ಬಿಸಾಡಬೇಡಿ.

ಕೆಳಗೆ 100 ಮಿ.ಮೀ. ವ್ಯಾಸದ ಎರಡು ಚಕ್ರ, ಸುತ್ತಲೂ ವಿ ಆಕಾರದ ತೋಡು ಇರುವಂಥವು. ನೆಲದ ಕಾಂಕ್ರೀಟಿನಲ್ಲಿ 40-40-5 ಮಿ.ಮೀ.ನ ಆಂಗಲ್ (ಎಲ್ ಆಕಾರದ ಕಬ್ಬಿಣ) ಅನ್ನು ಬೆನ್ನು ಮೇಲೆ ಬರುವ ಹಾಗೆ ಹೂತಿದ್ದಾರೆ, ಅದೇ ಟ್ರ್ಯಾಕ್. ಉದ್ದ 9 ಮೀಟರ್. ಅರ್ಧ ಭಾಗ ಕಾರು ಹೋಗುವ ದಾರಿಗೆ ಅಡ್ಡವಾಗಿದೆ, ಇನ್ನರ್ಧ ಕಾಂಪೌಂಡ್ ಗೋಡೆಯ ಪಕ್ಕ, ಗೇಟು ತೆರೆದಾಗ ನಿಲ್ಲುವ ಜಾಗ. ಗೇಟು ಆಚೀಚೆ ವಾಲದಿರಲಿ ಅಂತ ಮೇಲೆ ಕಂಬಕ್ಕೆ ನಾಲ್ಕು ನೈಲಾನ್ ಗೈಡ್ ರೋಲರ್.

ರೋಗ ಏನು ಅಂದರೆ, ಗೇಟು ತಳ್ಳಲು ಆಗುತ್ತಿರಲಿಲ್ಲ. ನಾನು ಹೇಗೋ ತಳ್ಳುತ್ತಿದ್ದೆ. ಅಮ್ಮ ಹಾಲಿನವನಿಗೆ ಗೇಟು ತೆರೆಯುವುದನ್ನೇ ಬಿಟ್ಟು ಸಂದಿಯಲ್ಲಿ ಪಾತ್ರೆ ಕೊಡುತ್ತಿದ್ದರು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಎರಡು ದಿನ ಸರಾಗ, ಮತ್ತೆ ಕಿರ್ರ್ ಅಂತ ಅದೇ ರಾಗ. ವೆಲ್ಡಿಂಗ್‌ನವರು ಬಂದು ಕಾಲಲ್ಲೇ ಒಮ್ಮೆ ತಳ್ಳಿ ನೋಡಿ, "ಬೇರಿಂಗ್ ಹೋಗಿದೆ ಸಾರ್, ಅಷ್ಟೇ" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ ಅಂತ ಆಮೇಲೆ ಗೊತ್ತಾಯಿತು.

2. ಎಳೆದು ತೂಗಿದ್ದು

ಎಷ್ಟು ಗಟ್ಟಿ ಅನ್ನೋದನ್ನು ಅಂಕಿಯಲ್ಲಿ ಹಿಡಿಯಬೇಕು ಅನ್ನಿಸಿತು. ಪ್ರಯಾಣದ ಬ್ಯಾಗ್ ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿ 350 ರೂಪಾಯಿಗೆ ಸಿಗುತ್ತದೆ. ಅದರ ಕೊಕ್ಕೆಯನ್ನು ಗೇಟಿನ ಕೆಳಗಿನ ಪೈಪಿಗೆ, ಚಕ್ರದ ಹತ್ತಿರವೇ ಸಿಕ್ಕಿಸಿ, ಟ್ರ್ಯಾಕಿಗೆ ನೇರವಾಗಿ ಎಳೆದೆ. ಹಿಡಿಕೆಗೆ ಸಿಕ್ಕಿಸಿ ಓರೆಯಾಗಿ ಎಳೆದರೆ ಅಂಕಿ ಸುಮ್ನೆ ಜಾಸ್ತಿ ಬರುತ್ತದೆ.

ಎಳೆಯುವುದರಲ್ಲೂ ಒಂದು ಹದ ಇದೆ. ಜಗ್ಗಿದರೆ 12, 13 ಅಂತ ಏನೇನೋ ತೋರಿಸುತ್ತದೆ, ಯಾಕೆಂದರೆ ಅದರಲ್ಲಿ ಸ್ವಲ್ಪ ಪಾಲು ಗೇಟಿನ ವೇಗ ಹೆಚ್ಚಿಸಲು ಹೋಗಿರುತ್ತದೆ. ನಿಧಾನವಾಗಿ, ಒಂದೇ ವೇಗದಲ್ಲಿ, ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ನೋಡಿಕೊಂಡು ಎಳೆಯಬೇಕು. ಆಗ ಅಂಕಿ ಒಂದು ಕಡೆ ನಿಲ್ಲುತ್ತದೆ. ಹಾಗೆ ನಿಂತಾಗ ನಾನು ಎಳೆಯುವುದೂ ಗೇಟು ಹಿಡಿದುಕೊಳ್ಳುವುದೂ ಸರಿಸಮ ಅಂತ ಅರ್ಥ. ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಒಂಬತ್ತನೇ ಕ್ಲಾಸಿನ ಮಗಳು, "ಅಪ್ಪ, ಇದು ಸಂತುಲಿತ ಬಲ, ಪರೀಕ್ಷೆಯಲ್ಲಿ ಬರುತ್ತೆ" ಅಂದಳು. ಚಲಿಸ್ತಾ ಇದೆಯಲ್ಲ, ಮತ್ತೆ ಸಂತುಲಿತ ಹೇಗೆ ಅಂತ ಕೇಳಿದೆ. ವೇಗ ಬದಲಾಗ್ತಿಲ್ವಲ್ಲ ಅಂದಳು. ಸರಿ.

ಬಂದ ಅಂಕಿ:

ತೆರೆಯುವ ಕಡೆಗೆ ಎಳೆದಾಗ 7.9 ಕೆಜಿ.
ಮುಚ್ಚುವ ಕಡೆಗೆ ಎಳೆದಾಗ 5.3 ಕೆಜಿ.
ನಿಂತ ಗೇಟು ಹೊರಡುವ ಕ್ಷಣದಲ್ಲಿ ಇವೆರಡಕ್ಕೂ ಮೇಲೆ ಒಂದೂವರೆ ಕೆಜಿ ಜಾಸ್ತಿ.

ಎರಡು ದಿಕ್ಕಿನ ಅಂಕಿ ಬೇರೆ ಬೇರೆ ಬಂದದ್ದು ಆಗಲೇ ಕಣ್ಣಿಗೆ ಬಿದ್ದಿತ್ತು. ತಕ್ಕಡಿ ಅಗ್ಗದ್ದು, ಅದಕ್ಕೇ ಹೀಗೆ ಅಂತ ಬಿಟ್ಟುಬಿಟ್ಟೆ. ಇಡೀ ಕೆಲಸದ ಗುಟ್ಟು ಈ ಎರಡು ಅಂಕಿಗಳ ನಡುವೆ ಇತ್ತು. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 6.6. ಇದು ಘರ್ಷಣೆ, ಅಂದರೆ ಬೇರಿಂಗು, ತುಕ್ಕು, ಮಣ್ಣು, ರೋಲರ್ ಎಲ್ಲ ಸೇರಿ ಹಿಡಿದುಕೊಳ್ಳುವುದು. ಯಾವ ಕಡೆ ತಳ್ಳಿದರೂ ಅಡ್ಡ ಬರುವುದು ಇದು. ಕಳೆದು ಅರ್ಧ ಮಾಡಿದರೆ 1.3. ಇದು ಗೇಟನ್ನು ಯಾವಾಗಲೂ ಮುಚ್ಚುವ ಕಡೆಗೇ ಎಳೆಯುತ್ತಿರುವ ಇಳಿಜಾರಿನ ಪಾಲು. ಕಣ್ಣಿಗೆ ಟ್ರ್ಯಾಕ್ ಮಟ್ಟಸವಾಗಿಯೇ ಕಾಣುತ್ತಿತ್ತು. ಆದರೆ 162 ಕೆಜಿಗೆ 1.3 ಕೆಜಿ ಎಳೆತ ಅಂದರೆ ಮೀಟರಿಗೆ 8 ಮಿ.ಮೀ. ವಾಟ. ಈ ಲೆಕ್ಕವನ್ನು ಆ ದಿನವೇ ಮಾಡಿದ್ದರೆ ಮುಂದಿನ ಅರ್ಧ ಕಥೆ ಇರುತ್ತಿರಲಿಲ್ಲ.

3. ಬೇರಿಂಗ್

ಸಾಮಾನು: ಕಾರಿನ 2 ಟನ್ ಬಾಟಲ್ ಜಾಕ್, ಹಲಸಿನ ಮರದ ತುಂಡುಗಳು, 24ರ ಸ್ಪ್ಯಾನರ್, ಸುತ್ತಿಗೆ, ದಪ್ಪ ಹಗ್ಗ, ಗ್ರೀಸ್.

ಮೊದಲು ಹಗ್ಗ. ಜಾಕ್ ಹಾಕುವ ಮುಂಚೆ ಗೇಟಿನ ಮೇಲ್ಭಾಗವನ್ನು ಎರಡು ಕಡೆ ಕಂಬಕ್ಕೆ ಬಿಗಿದು ಕಟ್ಟಬೇಕು. ಚಕ್ರ ಟ್ರ್ಯಾಕ್ ಬಿಟ್ಟು ಮೇಲೆದ್ದರೆ ಗೇಟನ್ನು ನೆಟ್ಟಗೆ ನಿಲ್ಲಿಸಿರುವುದು ಆ ನೈಲಾನ್ ರೋಲರ್ ಮಾತ್ರ. ಒಂದೂವರೆ ಕ್ವಿಂಟಲ್ ಕಬ್ಬಿಣ ಮೇಲೆ ಬಿದ್ದರೆ ಮನುಷ್ಯ ಉಳಿಯುವುದಿಲ್ಲ. ಸ್ಲೈಡಿಂಗ್ ಗೇಟ್ ಬಿದ್ದು ಮಕ್ಕಳು ಸತ್ತ ಸುದ್ದಿಗಳನ್ನು ನೀವೂ ಓದಿರುತ್ತೀರಿ. ಇದರಲ್ಲಿ ಅವಸರ ಬೇಡ, ಒಬ್ಬರೇ ಮಾಡುವುದೂ ಬೇಡ.

ಒಂದೊಂದೇ ಚಕ್ರ. 20 ಮಿ.ಮೀ. ಎತ್ತಿದರೆ ಸಾಕು. ಪಿನ್ನು ಬಿಡಿಸಿ ಚಕ್ರ ಕೆಳಗಿಳಿಸಿದಾಗ ಬೇರಿಂಗಿನ ಗುಂಡುಗಳು ಕಾಣಿಸಲೇ ಇಲ್ಲ. ಕೆಂಪು ಮಣ್ಣು ಮತ್ತು ಹಳೇ ಗ್ರೀಸ್ ಸೇರಿ ಇಟ್ಟಿಗೆ ಥರ ಗಟ್ಟಿಯಾಗಿತ್ತು. ಬೇರಿಂಗ್ ತಿರುಗುತ್ತಲೇ ಇರಲಿಲ್ಲ, ಅದರ ಒಳ ರಿಂಗ್ ಪಿನ್ನಿನ ಮೇಲೆ ಉಜ್ಜಿಕೊಂಡು ತಿರುಗುತ್ತಿತ್ತು. ಪಿನ್ನು ಒಂದು ಕಡೆ ಸವೆದು ಗಾಯದ ಹಾಗೆ ಹೊಳೆಯುತ್ತಿತ್ತು, ಉಗುರು ಆಡಿಸಿದರೆ ಮೆಟ್ಟಿಲು ಸಿಗುವಷ್ಟು.

ನಂಬರ್ 6202. ಒಳ ತೂತು 15, ಹೊರಗೆ 35, ದಪ್ಪ 11 ಮಿ.ಮೀ. ಅಂಗಡಿಯಲ್ಲಿ ಎರಡು ಥರ ಕೊಡುತ್ತಾರೆ, ಪಕ್ಕಕ್ಕೆ ತಗಡಿನ ಮುಚ್ಚಳ ಇರುವ ಝಡ್‌ಝಡ್ ಮತ್ತು ರಬ್ಬರ್ ಸೀಲ್ ಇರುವ 2ಆರ್‌ಎಸ್. ನೆಲದ ಮಟ್ಟದಲ್ಲಿ ಮಳೆ ನೀರು, ಕೆಸರು ಬಡಿಯುವ ಕಡೆ ರಬ್ಬರ್ ಸೀಲ್ ಇರುವುದನ್ನೇ ತಗೊಳ್ಳಿ. ತಗಡಿನದು ಧೂಳಿಗೆ ಸರಿ, ನೀರಿಗೆ ಅಲ್ಲ. ಚಕ್ರಕ್ಕೆ ಎರಡರಂತೆ ನಾಲ್ಕು ಬೇರಿಂಗ್, ತಲಾ 110. ಸವೆದ ಪಿನ್ನಿನ ಬದಲಿಗೆ ಲೇತ್ ಅಂಗಡಿಯಲ್ಲಿ 15 ಮಿ.ಮೀ.ನ ಹೊಸ ಪಿನ್ನು ಕಡೆಸಿದೆ, ತಲಾ 150. ಬೇರಿಂಗ್ ಕೂರಿಸುವಾಗ ಹೊರ ರಿಂಗಿನ ಮೇಲೆ ಮಾತ್ರ ತಟ್ಟಬೇಕು. ಹಳೇ ಬೇರಿಂಗಿನ ರಿಂಗನ್ನೇ ಮೇಲಿಟ್ಟು ತಟ್ಟಿದೆ, ಸಲೀಸಾಗಿ ಕೂತಿತು.

4. ಗೇಟು ಓಡಿತು

ಜಾಕ್ ಇಳಿಸಿ, ಹಗ್ಗ ಬಿಚ್ಚಿ, ಪೂರ್ತಿ ತೆರೆದ ಜಾಗಕ್ಕೆ ಗೇಟನ್ನು ಒಯ್ದೆ. ಒಂದು ಬೆರಳಲ್ಲಿ ಬಂತು. ಖುಷಿಯಾಗಿ ಕೈ ಬಿಟ್ಟು ಅಮ್ಮನನ್ನು ಕರೆಯಲು ತಿರುಗಿದೆ. ಹಿಂದೆ ಸಣ್ಣಗೆ ಗರ್ ಅಂತ ಸದ್ದು. ಗೇಟು ತಾನೇ ಹೊರಟಿತ್ತು. ಶುರುವಿನಲ್ಲಿ ಹೋಗುತ್ತಿದೆಯೋ ಇಲ್ಲವೋ ಅನ್ನುವಷ್ಟು ನಿಧಾನ. ಅರ್ಧ ದಾರಿ ಬರುವಷ್ಟರಲ್ಲಿ ಹಿಡಿಯಲು ಓಡಬೇಕು ಅನ್ನಿಸಿತು. ಕೊನೆಗೆ ಮುಚ್ಚುವ ಕಂಬಕ್ಕೆ ಧಡ್ ಅಂತ ಬಡಿದು ಕಂಬದ ಮೇಲಿನ ಲೈಟಿನ ಗಾಜು ಉದುರಿತು.

ಅಮ್ಮ ಹೊರಗೆ ಬಂದು ನೋಡಿ, "ಮೊದಲು ಅಲ್ಲಾಡ್ತಿರಲಿಲ್ಲ, ಈಗ ನಿಲ್ತಾ ಇಲ್ಲ. ಯಾವುದೋ ವಾಸಿ ನೀನೇ ಹೇಳು" ಅಂದರು.

ಮರುದಿನ ಟ್ರ್ಯಾಕಿನ ಪಕ್ಕ ಮೀಟರಿಗೊಂದು ಸೀಮೆಸುಣ್ಣದ ಗೆರೆ ಎಳೆದು, ಕಂಬಕ್ಕೆ ಹಳೇ ಟೈರ್ ಕಟ್ಟಿ, ಗೇಟನ್ನು ಬಿಟ್ಟು ಮೊಬೈಲಿನಲ್ಲಿ ವಿಡಿಯೋ ಮಾಡಿದೆ. ಮೊದಲ ಮೀಟರಿಗೆ 9 ಸೆಕೆಂಡ್. ಎರಡನೆಯದಕ್ಕೆ 4. ಮೂರನೆಯದಕ್ಕೆ ಹತ್ತಿರ ಹತ್ತಿರ 3. ನಾಲ್ಕನೆಯದಕ್ಕೆ ಎರಡೂವರೆ. ಯಾರೂ ತಳ್ಳುತ್ತಿಲ್ಲ, ಆದರೂ ವೇಗ ಏರುತ್ತಲೇ ಹೋಗುತ್ತದೆ. ಎಳೆಯುವ ಬಲ ಹಿಡಿಯುವ ಬಲಕ್ಕಿಂತ ಒಂಚೂರು ಜಾಸ್ತಿ ಇದ್ದರೆ ಸಾಕು, ಆ ಒಂಚೂರು ಪ್ರತಿ ಕ್ಷಣವೂ ಕೆಲಸ ಮಾಡುತ್ತಲೇ ಇರುತ್ತದೆ.

ಆ ಒಂಚೂರು ಎಷ್ಟು ಅಂತ ಮತ್ತೆ ತಕ್ಕಡಿ ಹಿಡಿದೆ. ತೆರೆಯುವ ಕಡೆಗೆ 2.2 ಕೆಜಿ. ಮುಚ್ಚುವ ಕಡೆಗೆ ಎಳೆಯುವ ಪ್ರಶ್ನೆಯೇ ಇಲ್ಲ, ಅದೇ ಹೋಗುತ್ತದೆ. ಹಾಗಾಗಿ ತಕ್ಕಡಿಯನ್ನು ಹಿಂದಿನ ಕಡೆ ಸಿಕ್ಕಿಸಿ, ಗೇಟು ನಿಧಾನಕ್ಕೆ ಒಂದೇ ವೇಗದಲ್ಲಿ ಇಳಿಯುವ ಹಾಗೆ ತಡೆದು ಹಿಡಿದೆ. 0.4 ಕೆಜಿ. ಹಳೇ ಲೆಕ್ಕದ ಪ್ರಕಾರವೇ ಮಾಡಿದರೆ ಘರ್ಷಣೆ 6.6 ಇದ್ದದ್ದು 0.9ಕ್ಕೆ ಇಳಿದಿದೆ. ಇಳಿಜಾರಿನ ಪಾಲು ಮಾತ್ರ ಅದೇ 1.3. ಗೇಟಿನ ತೂಕ ಬದಲಾಗಿಲ್ಲ, ನೆಲ ಬದಲಾಗಿಲ್ಲ, ಅದು ಯಾಕೆ ಬದಲಾಗುತ್ತದೆ?

ಅಂದರೆ ವಾಟ ಗೇಟು ಹಾಕಿದ ದಿನದಿಂದಲೂ ಇತ್ತು. ತುಕ್ಕು ಅದನ್ನು ಹಿಡಿದಿಟ್ಟಿತ್ತು. ನಾನು ತುಕ್ಕು ತೆಗೆದೆ.

5. ಕಾಂಕ್ರೀಟ್ ಒಡೆಯದೆ ಮಾಡಿ ನೋಡಿದ ಉಪಾಯಗಳು

ಚಕ್ರದ ಕೆಳಗೆ ಕಲ್ಲು. ಎಲ್ಲರ ಮನೆಯ ಉಪಾಯ. ಇಡುವುದು ನೆನಪಿದ್ದಾಗ ಚೆನ್ನಾಗಿದೆ. ಒಂದು ಸಂಜೆ ಮಗಳು ಸೈಕಲ್ ಒಳಗೆ ತರುವಾಗ ಗೇಟು ಬಂದು ಹಿಂದಿನ ಚಕ್ರದ ಮಡ್‌ಗಾರ್ಡ್ ಸೊಟ್ಟ ಮಾಡಿತು. ಅಲ್ಲಿಗೆ ಕಲ್ಲಿನ ಉಪಾಯ ಮುಗಿಯಿತು.

ಆಮೇಲೆ ಮೇಲಿನ ಗೈಡ್ ರೋಲರ್ ಬಿಗಿ ಮಾಡಿದೆ. ರೋಲರ್ ಪ್ಲೇಟಿನಲ್ಲಿ ಉದ್ದ ತೂತು ಇರುತ್ತದೆ, ಬೋಲ್ಟ್ ಸಡಿಲಿಸಿ ರೋಲರುಗಳನ್ನು ಹತ್ತಿರ ತಂದರೆ ಗೇಟಿನ ಮೇಲಿನ ಪೈಪನ್ನು ಅವುಚಿ ಹಿಡಿಯುತ್ತವೆ. ಬೇಕೆಂದೇ ಘರ್ಷಣೆ ಸೇರಿಸುವುದು ಅಂತಿಟ್ಟುಕೊಳ್ಳಿ. ತಕ್ಕಡಿ ತೆರೆಯುವ ಕಡೆಗೆ 3.7, ಮುಚ್ಚುವ ಕಡೆಗೆ 1.1 ತೋರಿಸಿತು. ಗೇಟು ಬಿಟ್ಟಲ್ಲೇ ನಿಂತಿತು. ಕೆಲಸ ಆಯ್ತು ಅಂದುಕೊಂಡೆ. ಆದರೆ 15 ಅಡಿ ಪೈಪು ನೇರ ಇರುವುದಿಲ್ಲ, ವೆಲ್ಡಿಂಗ್ ಬಿಸಿಗೆ ಒಂದೆರಡು ಕಡೆ ಹೊಟ್ಟೆ ಬಂದಿರುತ್ತದೆ. ಹೊಟ್ಟೆ ಇದ್ದಲ್ಲಿ ರೋಲರ್ ಸಿಕ್ಕಿಕೊಂಡು ಅಮ್ಮನಿಗೆ ಮತ್ತೆ ತಳ್ಳಲು ಆಗಲಿಲ್ಲ, ಇಲ್ಲದ ಕಡೆ ಗೇಟು ಮತ್ತೆ ಜಾರಿತು. ಕೆಲವೇ ದಿನದಲ್ಲಿ ಪೈಪಿನ ಬಣ್ಣ ಕಿತ್ತು, ನೈಲಾನ್ ಚಪ್ಪಟೆಯಾಯಿತು. ರೋಲರ್ ಇರುವುದು ಗೇಟು ಬೀಳದಿರಲು, ಬ್ರೇಕ್ ಹಾಕಲು ಅಲ್ಲ.

ಮೂರನೆಯದು ನನಗೆ ತುಂಬಾ ಇಷ್ಟವಾದ ಉಪಾಯ, ಉಳಿಯದೇ ಹೋದದ್ದಕ್ಕೆ ಇನ್ನೂ ಬೇಜಾರಿದೆ. ಇಳಿಜಾರು ಒಂದು ಕಡೆ 1.3 ಕೆಜಿ ಎಳೆಯುತ್ತಿದ್ದರೆ ಇನ್ನೊಂದು ಕಡೆ 1.3 ಕೆಜಿ ನೇತುಹಾಕಿದರೆ ಆಯ್ತಲ್ವಾ? ಗೇಟಿನ ಬಾಲಕ್ಕೆ ನೈಲಾನ್ ಹಗ್ಗ ಕಟ್ಟಿ, ತೆರೆಯುವ ತುದಿಯ ಕಂಬದ ಮೇಲೆ ಬಟ್ಟೆ ಒಣಹಾಕುವ ಹ್ಯಾಂಗರಿನ ಸಣ್ಣ ರಾಟೆ ಕೂರಿಸಿ, ಅದರ ಮೇಲಿಂದ ಇಳಿಬಿಟ್ಟ ಹಗ್ಗಕ್ಕೆ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲ್ ಕಟ್ಟಿದೆ. ಒಳಗೆ 1.3 ಲೀಟರ್ ನೀರು. ಗೇಟನ್ನು ಎಲ್ಲಿ ಬಿಟ್ಟರೆ ಅಲ್ಲಿ ನಿಂತಿತು. ಒಂದೂವರೆ ಕ್ವಿಂಟಲ್ ಗೇಟನ್ನು ಒಂದು ಬಾಟಲ್ ನೀರು ನಿಲ್ಲಿಸಿದ್ದನ್ನು ನೋಡಲು ಪಕ್ಕದ ಮನೆಯವರೂ ಬಂದರು.

ನೀರನ್ನು ಅಳತೆಗೆ ಸರಿಯಾಗಿ ಹಾಕಬೇಕಾಗಿಯೂ ಇರಲಿಲ್ಲ. ಅರ್ಧ ಲೀಟರಿಗೆ ಇಳಿಸಿದೆ, ಆಗಲೂ ನಿಂತಿತು. ಪೂರ್ತಿ ಎರಡು ಲೀಟರ್ ತುಂಬಿಸಿದೆ, ಆಗಲೂ ನಿಂತಿತು. ಇನ್ನೊಂದು ಬಾಟಲ್ ಸೇರಿಸಿ ಮೂರು ಲೀಟರ್ ಮಾಡಿದಾಗ ಗೇಟು ಉಲ್ಟಾ ದಿಕ್ಕಿನಲ್ಲಿ, ತೆರೆಯುವ ಕಡೆಗೆ ಹೊರಟಿತು. ಇದನ್ನು ಮಗಳು ಲೆಕ್ಕ ಹಾಕಿ ತೋರಿಸಿದಳು. ಘರ್ಷಣೆ 0.9 ಇದೆ, ಅದು ಯಾವ ಕಡೆ ಬೇಕಾದರೂ ಹಿಡಿಯುತ್ತದೆ. ಹಾಗಾಗಿ 1.3ಕ್ಕಿಂತ 0.9 ಕಮ್ಮಿಯಿಂದ 0.9 ಜಾಸ್ತಿಯವರೆಗೆ, ಅಂದರೆ 0.4ರಿಂದ 2.2 ಕೆಜಿವರೆಗೆ ಏನು ಕಟ್ಟಿದರೂ ಗೇಟು ನಿಲ್ಲುತ್ತದೆ. ಅದರಾಚೆ ಹೋದರೆ ಮಾತ್ರ ಹೊರಡುತ್ತದೆ. ಈ ಮಾತು ಮುಂದೆ ಟ್ರ್ಯಾಕ್ ಸರಿ ಮಾಡುವಾಗ ಕೈ ಹಿಡಿಯಿತು.

ಬಾಟಲ್ ಯಾಕೆ ಉಳಿಯಲಿಲ್ಲ ಅಂದರೆ, ಗೇಟು 4.2 ಮೀಟರ್ ಓಡುತ್ತದೆ, ಬಾಟಲ್ ಕೂಡ ಅಷ್ಟೇ ಏರಿಳಿಯಬೇಕು. ಕಂಬದ ಎತ್ತರ 6 ಅಡಿ. ಅರ್ಧ ದಾರಿಗೆ ಮುಂಚೆಯೇ ಬಾಟಲ್ ನೆಲಕ್ಕೆ ಕೂತುಬಿಡುತ್ತದೆ, ಹಗ್ಗ ಸಡಿಲ, ಗೇಟು ಮತ್ತೆ ತನ್ನಿಷ್ಟ. ಇನ್ನೊಂದು ರಾಟೆ ಹಾಕಿ ತೂಕ ದುಪ್ಪಟ್ಟು ಮಾಡಿದರೆ ಓಟ ಅರ್ಧ ಆಗುತ್ತದೆ, ಆದರೂ 2.1 ಮೀಟರ್, ಕಂಬಕ್ಕಿಂತ ಜಾಸ್ತಿ. ಮತ್ತೂ ದುಪ್ಪಟ್ಟು ಮಾಡಬಹುದಿತ್ತು. ಆದರೆ ಮಕ್ಕಳು ಆಡುವ ಅಂಗಳದಲ್ಲಿ ಕುತ್ತಿಗೆ ಎತ್ತರದಲ್ಲಿ ಹಗ್ಗ ಓಡಾಡುವುದು ಬೇಡ ಅಂತ ಮನೆಯವಳು ಖಡಾಖಂಡಿತವಾಗಿ ಹೇಳಿದಳು. ಸರಿಯಾದ ಮಾತು. ಬಿಚ್ಚಿದೆ.

ಈ ನಡುವೆ ಒಬ್ಬರು ಮೋಟರ್ ಹಾಕಿಸಿ ಅಂದರು. ಈ ಗೇಟ್ ಮೋಟರುಗಳಲ್ಲಿ ಸಾಮಾನ್ಯವಾಗಿ ವರ್ಮ್ ಗೇರ್ ಇರುತ್ತದೆ, ಗೇಟಿನ ಕಡೆಯಿಂದ ತಳ್ಳಿದರೆ ತಿರುಗುವುದಿಲ್ಲ, ಹಾಗಾಗಿ ವಾಟ ಇದ್ದರೂ ನಿಲ್ಲುತ್ತದೆ ಅನ್ನೋದು ನಿಜ. ಆದರೆ ಕರೆಂಟ್ ಹೋದಾಗ ಲಾಕ್ ಬಿಡಿಸಿದರೆ ಗೇಟು ಮತ್ತೆ ಓಡುತ್ತದೆ. ಇಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೇಳಬೇಕಾ?

6. ಮಟ್ಟ ನೋಡಿದ್ದು

ಗಾರೆ ಮೇಸ್ತ್ರಿ ಬಂದರು. ರಸಮಟ್ಟ ಇಟ್ಟರೆ ಇಷ್ಟು ಸಣ್ಣ ವಾಟ ಸರಿಯಾಗಿ ಸಿಗುವುದಿಲ್ಲ, ಗುಳ್ಳೆ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ ಅಷ್ಟೇ. ಅವರು ಲೆವೆಲ್ ಪೈಪ್ ತೆಗೆದರು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ, ಗುಳ್ಳೆ ಇಲ್ಲದ ಹಾಗೆ ಬಡಿದು ಬಡಿದು ಬಿಟ್ಟು, ಒಂದು ತುದಿ ಮುಚ್ಚುವ ಕಂಬದ ಹತ್ತಿರ ಕಟ್ಟಿ ಇನ್ನೊಂದನ್ನು ಮೀಟರ್ ಮೀಟರಿಗೆ ಹಿಡಿಯುತ್ತಾ ಹೋದೆವು. 9 ಮೀಟರಿಗೆ 72 ಮಿ.ಮೀ. ಎತ್ತರ. ಮೀಟರಿಗೆ 8. ತಕ್ಕಡಿ ಹೇಳಿದ್ದೂ ಅದನ್ನೇ. 350 ರೂಪಾಯಿಯ ತಕ್ಕಡಿಯ ಮೇಲೆ ಆ ದಿನದಿಂದ ನನಗೆ ಬಹಳ ಗೌರವ.

ಪೂರ್ತಿ ಮಟ್ಟ ಮಾಡಿಬಿಡೋಣ ಅಂದೆ. ಮೇಸ್ತ್ರಿ ಒಪ್ಪಲಿಲ್ಲ. "ವಾಟ ಇಲ್ಲಾಂದ್ರೆ ಮಳೆ ನೀರು ಆಂಗಲ್ ಪಕ್ಕದಲ್ಲೇ ನಿಲ್ಲುತ್ತೆ ಸಾರ್, ಎರಡು ವರ್ಷಕ್ಕೆ ಆಂಗಲ್ ತಿಂದು ಹಾಕುತ್ತೆ." ಆಗ ಬಾಟಲಿನ ಲೆಕ್ಕ ನೆನಪಾಯಿತು. ಗೇಟು ನಿಲ್ಲಲು ವಾಟ ಸೊನ್ನೆ ಆಗಬೇಕಿಲ್ಲ, ಅದರ ಎಳೆತ ಘರ್ಷಣೆಗಿಂತ ಕಮ್ಮಿ ಇದ್ದರೆ ಸಾಕು. ಘರ್ಷಣೆ 0.9 ಕೆಜಿ, ಅದನ್ನು 162ರಿಂದ ಭಾಗಿಸಿದರೆ ಮೀಟರಿಗೆ ಐದೂವರೆ ಮಿ.ಮೀ. ಇದು ಗಡಿ. ಬೇರಿಂಗ್ ಪಳಗಿ ಇನ್ನೂ ಹಗುರಾಗಬಹುದು, ಗಾಳಿ ತಳ್ಳಬಹುದು, ಹಾಗಾಗಿ ಗಡಿಯಿಂದ ದೂರ ಇರೋಣ ಅಂತ ಮೀಟರಿಗೆ 2 ಮಿ.ಮೀ. ಇಟ್ಟುಕೊಂಡೆವು. ನೀರು ಹರಿಯಲು ಅಷ್ಟು ಸಾಕಾ ಅಂದರೆ ಮೇಸ್ತ್ರಿ ಮುಖ ಸಣ್ಣದು ಮಾಡಿದರು, ಆದರೂ ಒಪ್ಪಿದರು.

9 ಮೀಟರಿಗೆ 72 ಇದ್ದದ್ದು 18 ಆಗಬೇಕು. 54 ಮಿ.ಮೀ. ಹೊಂದಿಸಬೇಕು. ಮುಚ್ಚುವ ತುದಿಯನ್ನೇ ಅಷ್ಟೂ ಎತ್ತಿದರೆ ಕಾರಿಗೆ ಹಂಪ್ ಆಗುತ್ತದೆ, ತೆರೆಯುವ ತುದಿಯನ್ನೇ ಇಳಿಸಿದರೆ ಗೋಡೆಯ ಪಾಯದ ಬೆಲ್ಟಿಗೆ ತಾಗುತ್ತದೆ. ಹಂಚಿಕೊಂಡೆವು: ಮುಚ್ಚುವ ತುದಿ 24 ಎತ್ತುವುದು, ತೆರೆಯುವ ತುದಿ 30 ಇಳಿಸುವುದು. ಮುಚ್ಚುವ ಕಂಬದಿಂದ 4 ಮೀಟರ್ ದೂರದಲ್ಲಿ ಎತ್ತುವುದೂ ಇಲ್ಲ, ಇಳಿಸುವುದೂ ಇಲ್ಲ. ಅಲ್ಲಿಂದ ಎರಡು ಕಡೆಗೂ ಪ್ರತಿ ಮೀಟರಿಗೆ 6 ಮಿ.ಮೀ. ಬದಲಾವಣೆ. ಇದನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆ, ಇನ್ನೂ ಇದೆ.

7. ಒಡೆದು ಹಾಕಿದ್ದು

ನಾಲ್ಕು ಜನ ಸೇರಿ ಗೇಟನ್ನು ಎತ್ತಿ ಕಾಂಪೌಂಡ್ ಗೋಡೆಗೆ ಒರಗಿಸಿ ಮೂರು ಕಡೆ ಕಟ್ಟಿದೆವು. ಬ್ರೇಕರ್ ಮಷಿನ್ ದಿನದ ಬಾಡಿಗೆ 600. ಆಂಗಲ್ ಪಕ್ಕದ ಕಾಂಕ್ರೀಟ್ ಸೀಳಿ, ಹೂತಿದ್ದ ಕಂಬಿಗಳನ್ನು ಗ್ರೈಂಡರಿನಲ್ಲಿ ಕತ್ತರಿಸಿ ಆಂಗಲ್ ಎಬ್ಬಿಸಿದೆವು. ಆಂಗಲ್ ಗಟ್ಟಿಯಾಗೇ ಇತ್ತು, ಅದನ್ನೇ ವಾಪಸ್ ಹಾಕಿದ್ದು. ಅಡಿಯಲ್ಲಿ 45 ಸೆಂ.ಮೀ.ಗೊಂದರಂತೆ 10 ಮಿ.ಮೀ. ಕಂಬಿಯ ಹೊಸ ಕಾಲು ವೆಲ್ಡ್ ಮಾಡಿಸಿದೆ.

ಎತ್ತರ ಹೊಂದಿಸಲು ಕಬ್ಬಿಣದ ಪ್ಯಾಕಿಂಗ್ ಪ್ಲೇಟು. ಮರದ ಚೂರು ಇಡಬೇಡಿ, ಅದು ಒಳಗೇ ಕೊಳೆತು ಆಂಗಲ್ ಕುಸಿಯುತ್ತದೆ. ಪ್ರತಿ ಮೀಟರಿನಲ್ಲೂ ಲೆವೆಲ್ ಪೈಪ್ ಹಿಡಿದು, ಲೈನ್ ದಾರ ಕಟ್ಟಿ ನೇರ ನೋಡಿ, ಆಮೇಲೆ ಕಾಂಕ್ರೀಟ್. ಸಿಮೆಂಟು 1, ಮರಳು ಒಂದೂವರೆ, ಜಲ್ಲಿ 3ರ ಹದ, 12 ಮಿ.ಮೀ. ಜಲ್ಲಿ. ಹಾಕುವಾಗ ಮೇಸ್ತ್ರಿ ಸಲಿಕೆಯಲ್ಲಿ ಕುಟ್ಟಿದ ರಭಸಕ್ಕೆ ಒಂದು ಕಡೆ ಆಂಗಲ್ 4 ಮಿ.ಮೀ. ತಗ್ಗಿತು, ಹಸಿ ಇರುವಾಗಲೇ ಮತ್ತೆ ಪೈಪ್ ಹಿಡಿದು ನೋಡಿದ್ದಕ್ಕೆ ಸಿಕ್ಕಿತು. ಕಾಂಕ್ರೀಟ್ ಹಾಕಿದ ಮೇಲೂ ಒಂದು ಸಲ ಅಳೆಯಿರಿ, ಗಟ್ಟಿಯಾದ ಮೇಲೆ ಅಳೆದು ಪ್ರಯೋಜನ ಇಲ್ಲ.

ಒದ್ದೆ ಗೋಣಿ ಚೀಲ ಹಾಸಿ ಒಂದು ವಾರ ನೀರು. ಆ ವಾರ ಗೇಟಿಲ್ಲದ ಮನೆ. ಎರಡು ಬಿದಿರು ಅಡ್ಡ ಕಟ್ಟಿದ್ದೆ. ಬೀದಿಯ ಹಸು ಅದರ ಅಡಿಯಿಂದ ನುಸುಳಿ ಅಮ್ಮನ ದಾಸವಾಳವನ್ನು ಬುಡದವರೆಗೆ ತಿಂದು ಹೋಯಿತು. ಇದು ಖರ್ಚಿನ ಪಟ್ಟಿಯಲ್ಲಿ ಇಲ್ಲ, ಆದರೆ ಅಮ್ಮನ ಪ್ರಕಾರ ಅದೇ ದೊಡ್ಡ ಖರ್ಚು.

8. ಒಂದು ಮಿಲಿಮೀಟರ್

ಗೇಟು ಕೂರಿಸಿ ತಕ್ಕಡಿ ಹಿಡಿದೆ. ಎಲ್ಲ ಕಡೆ ಚೆನ್ನಾಗಿ ಬಂತು, ಒಂದು ಜಾಗ ಬಿಟ್ಟು. ಆಂಗಲ್ ಎರಡು ತುಂಡಿನದು, ನಡುವೆ ಒಂದು ಕೂಡು. ಮುಂದಿನ ಚಕ್ರ ಆ ಕೂಡಿಗೆ ಒತ್ತಿ ನಿಂತಾಗ ಎಳೆದರೆ ತಕ್ಕಡಿ 14 ಕೆಜಿ ತೋರಿಸಿತು. ಬಗ್ಗಿ ಬೆರಳಾಡಿಸಿದರೆ ವೆಲ್ಡಿಂಗಿನ ಒಂದು ಸಣ್ಣ ಉಬ್ಬು, ಹೆಚ್ಚೆಂದರೆ ಒಂದು ಮಿ.ಮೀ. ಎತ್ತರ.

ಇಷ್ಟಕ್ಕೆ 14 ಕೆಜಿಯಾ ಅಂತ ನಂಬಲಿಲ್ಲ. 50 ಮಿ.ಮೀ. ತ್ರಿಜ್ಯದ ಚಕ್ರದ ಮೇಲೆ 81 ಕೆಜಿ ಕೂತಿದೆ, ಅದು ಒಂದು ಮಿ.ಮೀ. ಮೆಟ್ಟಿಲನ್ನು ನಿಂತಲ್ಲಿಂದ ಹತ್ತಬೇಕಾದರೆ ತೂಕದ ಐದರಲ್ಲೊಂದು ಭಾಗದಷ್ಟು ಎಳೆಯಬೇಕಾಗುತ್ತದೆ. ಲೆಕ್ಕಕ್ಕೆ 16 ಬರುತ್ತದೆ, ಉಬ್ಬಿನ ಅಂಚು ದುಂಡಗಿದ್ದದ್ದಕ್ಕೆ ಸ್ವಲ್ಪ ಕಮ್ಮಿ ಬಂದಿದೆ. ಓಡಿಸಿಕೊಂಡು ಬಂದರೆ ಮಾತ್ರ ಇದು ಗೊತ್ತೇ ಆಗುವುದಿಲ್ಲ, ಟಕ್ ಅಂತ ಸದ್ದು ಮಾಡಿ ಹಾರಿಹೋಗುತ್ತದೆ. ಅದಕ್ಕೇ ವೆಲ್ಡಿಂಗ್‌ನವರು ತಳ್ಳಿ ನೋಡಿ "ಏನೂ ಇಲ್ಲ ಸಾರ್" ಅಂದದ್ದು. ಆದರೆ ಗೇಟು ಅಲ್ಲೇ ನಿಂತಾಗ ಅಮ್ಮ ತಳ್ಳಬೇಕಲ್ಲ. ಗ್ರೈಂಡರಿಗೆ ಫ್ಲಾಪ್ ಡಿಸ್ಕ್ ಹಾಕಿ ಉಬ್ಬನ್ನು ತೇಯ್ದು, ಬೆರಳಿಗೆ ಸಿಗದ ಹಾಗೆ ನಯ ಮಾಡಿದೆ. ಹಳೇ ಗೇಟ್ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವವರು ಮೊದಲು ಟ್ರ್ಯಾಕಿನ ಕೂಡು ನೋಡಿ. ಒಂದು ಸಣ್ಣ ಜಲ್ಲಿ ಚೂರು ಸಿಕ್ಕಿಕೊಂಡಿದ್ದರೂ ಇದೇ ಕಥೆ.

9. ಈಗ ಹೇಗಿದೆ

ತೆರೆಯುವ ಕಡೆಗೆ 1.3 ಕೆಜಿ, ಮುಚ್ಚುವ ಕಡೆಗೆ 0.6 ಕೆಜಿ. ಅಂದರೆ ಘರ್ಷಣೆ 0.95, ಇಳಿಜಾರು 0.35. ಎಲ್ಲಿ ಬಿಟ್ಟರೂ ನಿಲ್ಲುತ್ತದೆ. ಒಂದೇ ಥರ ತಳ್ಳಿ ಕೈ ಬಿಟ್ಟರೆ ತೆರೆಯುವ ಕಡೆಗೆ ಹೋಗುವುದಕ್ಕಿಂತ ಮುಚ್ಚುವ ಕಡೆಗೆ ಹೆಚ್ಚುಕಮ್ಮಿ ಎರಡರಷ್ಟು ದೂರ ಹೋಗಿ ನಿಲ್ಲುತ್ತದೆ. ಅಷ್ಟು ವಾಟ ಉಳಿಸಿಕೊಂಡಿದ್ದೇವಲ್ಲ. ಗೇಟು ಹಗುರ ಇರುವುದರಿಂದ ಜೋರಾಗಿ ತಳ್ಳಿದರೆ ಕೊನೆಯವರೆಗೂ ಹೋಗುತ್ತದೆ, ಅದಕ್ಕೆ ಟ್ರ್ಯಾಕಿನ ಎರಡು ತುದಿಗೂ 8 ಮಿ.ಮೀ. ಪ್ಲೇಟಿನ ಸ್ಟಾಪರ್ ವೆಲ್ಡ್ ಮಾಡಿಸಿ ಟೈರಿನ ತುಂಡು ಬೋಲ್ಟ್ ಮಾಡಿದ್ದೇನೆ. ಹಳೇ ಗೇಟಿಗೆ ತೆರೆಯುವ ತುದಿಯಲ್ಲಿ ಸ್ಟಾಪರೇ ಇರಲಿಲ್ಲ. ತುಕ್ಕು ಹಿಡಿದಿದ್ದಾಗ ಅದರ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಖರ್ಚು: ಬೇರಿಂಗ್ 440, ಪಿನ್ನು 300, ಗ್ರೀಸ್ 90, ತಕ್ಕಡಿ 350, ಹೊಸ ಗೈಡ್ ರೋಲರ್ ನಾಲ್ಕಕ್ಕೆ 480, ವೆಲ್ಡಿಂಗ್ 1,200, ಮೇಸ್ತ್ರಿ ಮತ್ತು ಸಹಾಯಕರಿಗೆ 1,400, ಬ್ರೇಕರ್ ಬಾಡಿಗೆ 600, ಸಿಮೆಂಟು ಮರಳು ಜಲ್ಲಿ 500, ಪ್ಯಾಕಿಂಗ್ ಪ್ಲೇಟು 350, ಸ್ಟಾಪರ್ 200. ಒಟ್ಟು 5,910 ರೂಪಾಯಿ. ಕಂಬದ ಲೈಟು ಇನ್ನೂ ಹಾಕಿಸಿಲ್ಲ.

ಮುಂದಿನ ತುದಿ 24 ಮಿ.ಮೀ. ಮೇಲೆದ್ದದ್ದರಿಂದ ಚಿಲಕ ಕಂಬದ ತೂತಿಗೆ ಕೂರುತ್ತಿರಲಿಲ್ಲ, ಹೊಸ ತೂತು ಕೊರೆದದ್ದಾಯಿತು. ಕಾರಿನ ಚಕ್ರ ಆಂಗಲ್ ಹತ್ತುವಲ್ಲಿ ಎರಡು ಕಡೆಗೂ ಒಂದು ಅಡಿ ಅಗಲ ಗಾರೆ ಇಳಿಜಾರು ಮಾಡಿದ್ದೇವೆ, ಕಾರಿನ ಅಡಿಭಾಗ ತಾಗುವುದಿಲ್ಲ. ಬಾಕಿ ಇರುವುದು ನೀರಿನದೊಂದೇ. ಮೇಸ್ತ್ರಿ ಹೇಳಿದ ಹಾಗೆ, ಮೊನ್ನೆ ಮಳೆಗೆ 6ನೇ ಮೀಟರಿನ ಹತ್ತಿರ ಅಂಗೈ ಅಗಲ ನೀರು ನಿಂತಿತ್ತು. ಅಲ್ಲಿ ಕಾಂಕ್ರೀಟಿನ ಹೊರ ಅಂಚಿನಲ್ಲಿ ಬೆರಳು ಅಗಲದ ಕಾಲುವೆ ಕೊರೆಯಬೇಕು, ಬ್ರೇಕರ್ ಬೇಡ, ಉಳಿ ಸುತ್ತಿಗೆಯಲ್ಲೇ ಆಗುತ್ತದೆ. ಈ ಭಾನುವಾರ ಮಾಡುತ್ತೇನೆ.